ಎಲುಬು ಮುರಿಯಲಿಲ್ಲ, ಕೈ ಏಳಲಿಲ್ಲ

ಕಳೆದ ವರ್ಷ ಆಷಾಢದ ಮಳೆ ಎರಡು ದಿನ ಹೊಳವು ಕೊಟ್ಟಿತ್ತು. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣವನ್ನು ಎರಡನೆಯ ಸುತ್ತು ಹೊಡೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದೆಂದು ಶಾಲೆಗೆ ಒಂದು ದಿನ ರಜೆ ಹಾಕಿ ಬೆಳಿಗ್ಗೆಯೇ ತೋಟಕ್ಕೆ ಇಳಿದಿದ್ದೆ. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟವಾದ ಮೇಲೆ ನಮ್ಮ ಕಡೆಯ ಹಲವರಂತೆ ನಾನೂ ಕಾರ್ಬನ್ ಫೈಬರಿನ ದೋಟಿಯೊಂದನ್ನು ಕೊಂಡಿದ್ದೆ; ಅದಿದ್ದರೆ ನೆಲದ ಮೇಲೆಯೇ ನಿಂತು ಐವತ್ತು ಅರವತ್ತು ಅಡಿ ಎತ್ತರದ ಕೊನೆಗೆ ಔಷಧಿ ಹಾಯಿಸಬಹುದು. ಎರಡು ತಾಸು ಕತ್ತು ಮೇಲೆತ್ತಿ, ಎರಡೂ ಕೈಗಳನ್ನು ತಲೆಗಿಂತ ಮೇಲಕ್ಕೆ ಹಿಡಿದು ಆ ದೋಟಿಯನ್ನು ಅತ್ತಿತ್ತ ವಾಲಿಸಿ ಸಾಕಾಗಿ, ತೋಟದ ನೀರು ಹರಿಯುವ ಕಾದಿಗೆಗೆ ಹಾಕಿದ್ದ ಅಡಿಕೆ ದಬ್ಬೆಯ ಸಂಕವನ್ನು ದಾಟುತ್ತಿದ್ದಾಗ ಪಾಚಿಯ ಮೇಲೆ ಕಾಲು ಜಾರಿತು. ಬೀಳುವಾಗ ಎಲ್ಲರೂ ಮಾಡುವಂತೆ ಬಲಗೈಯನ್ನು ನೆಲಕ್ಕೆ ಊರಿದೆ. ಅಂಗೈ ತಾಗಿದ ಗಳಿಗೆಯಲ್ಲಿ ಭುಜದೊಳಗೆ ಹಳೆಯ ಪಂಚೆ ಹರಿದಂತಾಯಿತು.

ಎದ್ದು ಕೂತು ಬೆರಳು ಆಡಿಸಿದೆ, ಆಡಿದವು. ಮುಷ್ಟಿ ಬಿಗಿಯಾಯಿತು, ಮೊಣಕೈ ಮಡಚಿತು. ತೋಳನ್ನು ಪಕ್ಕಕ್ಕೆ ಎತ್ತಲು ನೋಡಿದಾಗ ಮಾತ್ರ, ಅದು ಬೇರೆ ಯಾರದೋ ಕೈ ಎಂಬಂತೆ, ಒಂದು ಗೇಣು ಎದ್ದು ನಿಂತುಬಿಟ್ಟಿತು. ಎಡಗೈಯಿಂದ ಹಿಡಿದೆತ್ತಿದರೆ ಮೇಲಕ್ಕೆ ಹೋಗುತ್ತಿತ್ತು, ಬಿಟ್ಟೊಡನೆ ದೊಪ್ಪನೆ ಕೆಳಗೆ ಬೀಳುತ್ತಿತ್ತು. ಇಡೀ ಪ್ರಕರಣದ ಮುಖ್ಯ ಸುಳಿವು ಅದೇ ಆಗಿತ್ತೆಂಬುದು ನನಗೆ ತಿಳಿದದ್ದು ಮೂರು ತಿಂಗಳ ನಂತರ.

ಅಂದು ಮಧ್ಯಾಹ್ನವೇ ಪೇಟೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಸಿದೆವು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರು ಎಲುಬು ಮುರಿದಿಲ್ಲವೆಂದೂ ಇದು ಉಳುಕು ಮಾತ್ರವೆಂದೂ ಹೇಳಿ, ನೋವಿನ ಮಾತ್ರೆ ಬರೆದುಕೊಟ್ಟು, ಕೈಯನ್ನು ಕೊರಳಿಗೆ ಕಟ್ಟುವ ಪಟ್ಟಿಯಲ್ಲಿಟ್ಟು ಮೂರು ವಾರ ಅಲ್ಲಾಡಿಸಬಾರದೆಂದರು. ಮನೆಗೆ ಬಂದರೆ ನೋಡಲು ಬಂದವರೆಲ್ಲರದ್ದೂ ಒಂದೇ ಮಾತು: “ಎಲುಬು ಮುರೀಲಿಲ್ಲವಲ್ಲ ಮಾರಾಯ್ರೆ, ಬಚಾವಾದ್ರಿ!” ನಾನೂ ಹಾಗೆಯೇ ಅಂದುಕೊಂಡೆ. ಈಗ ನೋಡಿದರೆ ನನ್ನ ಮೂರು ತಿಂಗಳನ್ನು ನುಂಗಿದ್ದು ಆ ಸಮಾಧಾನವೇ. ಎಕ್ಸ್-ರೇಯಲ್ಲಿ ಎಲುಬು ಕಾಣುತ್ತದೆ. ಎಲುಬನ್ನು ಎಳೆದು ಆಡಿಸುವ ಸ್ನಾಯುವಾಗಲಿ, ಸ್ನಾಯುವಿನ ತುದಿಯನ್ನು ಎಲುಬಿಗೆ ಅಂಟಿಸುವ ಸ್ನಾಯುರಜ್ಜುವಾಗಲಿ ಅದರಲ್ಲಿ ಕಾಣುವುದಿಲ್ಲ. ಭುಜದ ಗಾಯಗಳಲ್ಲಿ ರಜ್ಜು ಹರಿಯುವುದೂ ಸಾಮಾನ್ಯವಾದ್ದರಿಂದ, ಸ್ವಚ್ಛವಾದ ಎಕ್ಸ್-ರೇ ಈ ವಿಷಯದಲ್ಲಿ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ.

ಭುಜದ ರಚನೆಯನ್ನು ತಿಳಿದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸೊಂಟದ ಕೀಲಿನಲ್ಲಿ ತೊಡೆಯೆಲುಬಿನ ತಲೆ ಒರಳಿನೊಳಗಿನ ಗುಂಡುಕಲ್ಲಿನಂತೆ ಆಳವಾಗಿ ಕೂತಿರುತ್ತದೆ. ಸುಲಭಕ್ಕೆ ಜಾರುವುದಿಲ್ಲ, ಹಾಗೆಯೇ ಎಲ್ಲ ದಿಕ್ಕಿಗೂ ತಿರುಗುವುದೂ ಇಲ್ಲ. ಭುಜದ ಕೀಲು ನಮ್ಮ ಶಾಲೆಯ ಕ್ರೀಡೋತ್ಸವದ ನಿಂಬೆಹಣ್ಣು-ಚಮಚದ ಓಟವನ್ನು ನೆನಪಿಸುತ್ತದೆ. ತೋಳೆಲುಬಿನ ದುಂಡು ತಲೆ ನಿಂಬೆಹಣ್ಣು, ಹೆಗಲೆಲುಬಿನ ತಗ್ಗು ಚಮಚ. ಯಾವ ಭಂಗಿಯಲ್ಲಿ ನೋಡಿದರೂ ಆ ದುಂಡಿನ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಆ ತಗ್ಗಿಗೆ ತಾಗಿರುವುದಿಲ್ಲ. ದೇಹದ ಬೇರೆ ಯಾವ ಕೀಲಿಗೂ ಇಲ್ಲದಷ್ಟು ಓಡಾಟವನ್ನು ಭುಜ ಪಡೆದಿರುವುದು ಈ ಅಭದ್ರತೆಯನ್ನು ಒಪ್ಪಿಕೊಂಡೇ. ಆ ನಿಂಬೆಹಣ್ಣು ಉರುಳಿ ಬೀಳದಂತೆ ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ಹಿಡಿದು ಚಮಚದ ಕಡೆಗೆ ಒತ್ತಿಕೊಂಡಿರುವ ನಾಲ್ಕು ಸ್ನಾಯುಗಳ ಗುಂಪಿಗೆ ರೊಟೇಟರ್ ಕಫ್ ಎಂದು ಹೆಸರು: ಮೇಲೆ ಸುಪ್ರಾಸ್ಪೈನೇಟಸ್, ಹಿಂದೆ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್, ಮುಂದೆ ಸಬ್‌ಸ್ಕ್ಯಾಪುಲಾರಿಸ್.

ಇವುಗಳಲ್ಲಿ ಹೆಚ್ಚಾಗಿ ಹರಿಯುವುದು ಮೊದಲನೆಯದು. ಸುಪ್ರಾಸ್ಪೈನೇಟಸ್ ಹೆಗಲೆಲುಬಿನ ಮೇಲ್ಭಾಗದಲ್ಲಿ ಹುಟ್ಟಿ, ಭುಜದ ತುದಿಯಲ್ಲಿ ಮನೆಯ ಸೂರಿನಂತೆ ಚಾಚಿಕೊಂಡಿರುವ ಎಲುಬಿನ ಅಡಿಯಲ್ಲಿ ನುಸುಳಿ, ತೋಳೆಲುಬಿನ ನೆತ್ತಿಗೆ ಅಂಟಿಕೊಳ್ಳುತ್ತದೆ. ಸೂರಿಗೂ ತೋಳೆಲುಬಿನ ತಲೆಗೂ ನಡುವೆ ಇರುವ ಸಂದು ಸುಮಾರು ಒಂದು ಸೆಂಟಿಮೀಟರ್. ಬಾವಿಯ ರಾಟೆಯ ಮೇಲೆ ಹಾಯುವ ಹಗ್ಗ ದಿನವೂ ಒಂದೇ ಜಾಗದಲ್ಲಿ ಸವೆದು, ಎಳೆ ಎಳೆಯಾಗಿ ಬಿಚ್ಚಿ, ಒಂದು ದಿನ ತುಂಬಿದ ಕೊಡದ ಜಗ್ಗಿಗೆ ಕಡಿಯುವಂತೆ ಈ ರಜ್ಜುವೂ ನಡುವಯಸ್ಸಿನ ಹೊತ್ತಿಗೆ ಒಳಗೊಳಗೇ ಸವೆದಿರುತ್ತದೆ. ಬೀಳುವ ಪೆಟ್ಟು ಆ ಕೊನೆಯ ಕೊಡ. ನನ್ನ ವಿಷಯದಲ್ಲಂತೂ ಹಾಗೆಯೇ ಆಗಿರಬೇಕು. ಇಪ್ಪತ್ತೊಂಬತ್ತು ವರ್ಷ ಗಣಿತದ ಮೇಷ್ಟ್ರಾಗಿ ಕರಿಹಲಗೆಯ ಮೇಲೆ ಕೈ ಎತ್ತಿ ಬರೆದವನು ನಾನು. ಬೀಳುವುದಕ್ಕೆ ಎರಡು ವರ್ಷ ಮೊದಲಿನಿಂದಲೇ, ಎರಡು ಅವಧಿ ಸತತವಾಗಿ ಬರೆದ ದಿನ ರಾತ್ರಿ ತೋಳು ನೋಯುತ್ತಿತ್ತು. ವಯಸ್ಸಾಯಿತೆಂದು ಮುಲಾಮು ಹಚ್ಚಿ ಮಲಗುತ್ತಿದ್ದೆ.

ಆ ಮುಲಾಮನ್ನು ಹಚ್ಚುತ್ತಿದ್ದ ಜಾಗವೂ ತಪ್ಪು. ರೊಟೇಟರ್ ಕಫ್‌ನ ನೋವು ಬಹಳಷ್ಟು ಮಂದಿಗೆ ಭುಜದ ತುದಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ತೋಳಿನ ಹೊರಮೈಯಲ್ಲಿ, ಅಂಗಿಯ ಅರ್ಧತೋಳು ಮುಗಿಯುವಲ್ಲಿ ಕಾಣಿಸಿಕೊಳ್ಳುತ್ತದೆ. ಹುಣ್ಣು ಒಂದು ಕಡೆ, ಉರಿ ಇನ್ನೊಂದು ಕಡೆ. ನಾನು ಕೈಯನ್ನು ಪಟ್ಟಿಯಿಂದ ಬಿಚ್ಚಿದ ಮೇಲೆ ಉಳುಕು ತೆಗೆಯುವ ಹಿರಿಯರೊಬ್ಬರು ಎರಡು ಸಲ ಬಂದು, ಆ ತೋಳನ್ನೇ ಎಣ್ಣೆ ಹಾಕಿ ತಿಕ್ಕಿ, ಕೊನೆಗೆ ಭುಜವನ್ನು ಹಿಡಿದು ಒಮ್ಮೆ ಬಲವಾಗಿ ತಿರುವಿದರು. ಆ ರಾತ್ರಿ ನಾನು ಗೋಡೆಗೊರಗಿ ಕೂತೇ ಬೆಳಗು ಮಾಡಿದೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ; ಕರೆಸಿದವನು ನಾನು, ಮತ್ತು ಎಕ್ಸ್-ರೇ ನೋಡಿದವರು ಹೇಳಿದ್ದೂ ಉಳುಕು ಎಂದೇ.

ಈ ಗಾಯದ ಪರಿಣಾಮ ಹೊರಗಿನವರಿಗೆ ಕಾಣುವುದಿಲ್ಲವೆನ್ನುವುದು ಅದರ ಇನ್ನೊಂದು ಕಷ್ಟ. ಮೊಣಕೈಯಿಂದ ಕೆಳಗೆ ಎಲ್ಲವೂ ಸರಿಯಾಗಿರುತ್ತದೆ. ಅನ್ನ ಕಲಸಬಹುದು, ಸಹಿ ಹಾಕಬಹುದು, ಉತ್ತರಪತ್ರಿಕೆ ತಿದ್ದಬಹುದು. “ಊಟ ಮಾಡೋ ಕೈ ಚೆನ್ನಾಗೇ ಇದೆ, ಕೆಲಸದ ಕೈಗೆ ಮಾತ್ರ ನೋವು” ಎಂದು ಅಮ್ಮ ನಗೆಯಾಡುತ್ತಿದ್ದರು, ಮತ್ತು ಮಾತು ನಿಜವೇ ಆಗಿತ್ತು. ಆದರೆ ಸ್ನಾನಕ್ಕೆ ಹೋದರೆ ಬೆನ್ನಿಗೆ ಸೋಪು ತಲುಪುವುದಿಲ್ಲ. ಅಂಗಿ ಹಾಕಿಕೊಳ್ಳುವಾಗ ನೋವಿರುವ ಕೈಯನ್ನು ಮೊದಲು ತೂರಿಸಬೇಕು, ಬಿಚ್ಚುವಾಗ ಕೊನೆಗೆ ತೆಗೆಯಬೇಕು. ಈ ಕ್ರಮ ತಿಳಿಯುವ ಮೊದಲು ಪ್ರತಿದಿನ ಬೆಳಿಗ್ಗೆ ಒಂದು ಯುದ್ಧ. ತಂತಿಯ ಮೇಲಿನ ಟವೆಲು, ಬಸ್ಸಿನ ಮೇಲಿನ ಹಿಡಿಕೆ, ಪ್ಯಾಂಟಿನ ಹಿಂದಿನ ಜೇಬು, ಕಾರಿನಲ್ಲಿ ಸೀಟ್ ಬೆಲ್ಟ್, ದೇವರ ಮುಂದೆ ಮಂಗಳಾರತಿ ಎತ್ತುವುದು, ಹೀಗೆ ಜೀವಮಾನದಲ್ಲಿ ಒಮ್ಮೆಯೂ ಯೋಚಿಸದೆ ಮಾಡಿದ ಕೆಲಸಗಳೆಲ್ಲ ಒಂದೊಂದಾಗಿ ಎದುರು ನಿಂತು ಲೆಕ್ಕ ಕೇಳಿದವು. ಹಗಲು ಹೇಗೋ ಕಳೆಯುತ್ತಿತ್ತು. ಕಾಡಿದ್ದು ರಾತ್ರಿ. ಬಲಮಗ್ಗುಲಿಗೆ ಹೊರಳಿದರೆ ಎಚ್ಚರ, ಎಡಮಗ್ಗುಲಿಗೆ ಮಲಗಿದರೆ ಬಲಗೈ ಎದೆಯ ಮೇಲೆ ಜೋತು ಮತ್ತೆ ಎಚ್ಚರ. ತೋಳಿನ ಕೆಳಗೆ ಒಂದು ದಿಂಬು ಇಟ್ಟು ಅರೆಕೂತ ಭಂಗಿಯಲ್ಲಿ ಮಲಗುವುದನ್ನು ಕಲಿತ ಮೇಲೆ ಮೂರು ನಾಲ್ಕು ತಾಸಾದರೂ ನಿದ್ದೆ ಸಿಕ್ಕಿತು.

ನವರಾತ್ರಿಯ ಹೊತ್ತಿಗೆ ಕೈಯನ್ನು ಯಾರಾದರೂ ಹಿಡಿದೆತ್ತಿದರೂ ಅದು ಭುಜದ ಮಟ್ಟಕ್ಕಿಂತ ಮೇಲೆ ಹೋಗದಂತಾಯಿತು. ಇದು ಹೊಸ ತೊಂದರೆ. ಬಿದ್ದ ದಿನ ಕೈ ತಾನಾಗಿ ಏಳುತ್ತಿರಲಿಲ್ಲ, ಆದರೆ ಎತ್ತಿಸಿಕೊಳ್ಳುತ್ತಿತ್ತು. ಈಗ ಕೀಲೇ ಬಿಗಿದುಕೊಂಡಿತ್ತು. ನನ್ನ ತಂಗಿಯ ಮಗ ಬಲವಂತ ಮಾಡಿ ಶಿವಮೊಗ್ಗದಲ್ಲಿ ಭುಜದ ಸಮಸ್ಯೆಗಳನ್ನೇ ನೋಡುವ ಮೂಳೆತಜ್ಞರೊಬ್ಬರ ಬಳಿಗೆ ಕರೆದೊಯ್ದ. ಅವರು ಮೊದಲ ಹತ್ತು ನಿಮಿಷ ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಅಂಗಿ ಬಿಚ್ಚಿಸಿ ಹಿಂದೆ ನಿಂತು ಎರಡೂ ಕೈ ಎತ್ತಲು ಹೇಳಿದರು. ನನ್ನ ಬಲ ಹೆಗಲು ತೋಳಿಗಿಂತ ಮೊದಲೇ ಕಿವಿಯತ್ತ ಎದ್ದುಬಿಡುವುದನ್ನು ಫೋನಿನಲ್ಲಿ ಹಿಡಿದು ತೋರಿಸಿದರು. ಆ ಮೇಲೆ, ಡಬ್ಬಿಯೊಳಗಿನ ನೀರನ್ನು ಚೆಲ್ಲುವವರಂತೆ ಹೆಬ್ಬೆರಳು ಕೆಳಗೆ ಮಾಡಿ ತೋಳನ್ನು ಓರೆಯಾಗಿ ಮುಂದಕ್ಕೆ ಹಿಡಿಯಿರಿ ಎಂದು, ಎರಡು ಬೆರಳಿನಿಂದ ಮಣಿಕಟ್ಟಿನ ಮೇಲೆ ಒತ್ತಿದರು. ಎರಡು ಬೆರಳಿಗೆ ನನ್ನ ಕೈ ಕುಸಿಯಿತು. “ಮೇಷ್ಟ್ರೆ, ಎಂಆರ್‌ಐ ಮಾಡಿಸೋಣ. ಆದರೆ ಉತ್ತರ ಹೆಚ್ಚುಕಡಿಮೆ ಇಲ್ಲೇ ಸಿಕ್ಕಿದೆ” ಎಂದರು. ಎಂಆರ್‌ಐ ವರದಿಯೂ ಅದನ್ನೇ ಹೇಳಿತು: ಸುಪ್ರಾಸ್ಪೈನೇಟಸ್ ರಜ್ಜು ಪೂರ್ಣ ದಪ್ಪಕ್ಕೆ ಹರಿದಿದೆ, ಹರಕಿನ ಅಗಲ ಒಂದೂವರೆ ಸೆಂಟಿಮೀಟರ್, ಜೊತೆಗೆ ಕೀಲಿನ ಸುತ್ತಲಿನ ಚೀಲ ದಪ್ಪಗಟ್ಟಿದೆ. ಹರಿದ ಭುಜದ ಮೇಲೆ ಫ್ರೋಜನ್ ಶೋಲ್ಡರ್ ಬೇರೆ.

ಫ್ರೋಜನ್ ಶೋಲ್ಡರ್ ಬಂದದ್ದಕ್ಕೆ ಎರಡು ಕಾರಣಗಳಿದ್ದವು. ಮೂರು ವಾರ ಕೈಯನ್ನು ಒಂದಿಷ್ಟೂ ಅಲ್ಲಾಡಿಸದೆ ಕಟ್ಟಿಟ್ಟದ್ದು ಒಂದು, ನನ್ನ ಸಕ್ಕರೆ ಕಾಯಿಲೆ ಇನ್ನೊಂದು. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುವ ಈ ಬಿಗಿತ ಮಧುಮೇಹ ಇರುವವರಲ್ಲಿ ನೂರಕ್ಕೆ 10ರಿಂದ 20 ಮಂದಿಗೆ ಬರುತ್ತದೆ. ಹರಕನ್ನೂ ಬಿಗಿತವನ್ನೂ ಬೇರೆ ಬೇರೆಯಾಗಿ ಗುರುತಿಸುವ ಉಪಾಯ ತೀರ ಸರಳ: ತಾನಾಗಿ ಏಳದ ಕೈಯನ್ನು ಬೇರೆಯವರು ಎತ್ತಿದಾಗ ಮೇಲೆ ಹೋದರೆ ರಜ್ಜುವಿನ ಮೇಲೆ ಅನುಮಾನ, ಬೇರೆಯವರು ಎತ್ತಿದರೂ ಹೋಗದಿದ್ದರೆ ಕೀಲಿನ ಬಿಗಿತ. ನಲವತ್ತು ದಾಟಿದ ಯಾರೇ ಆಗಲಿ, ಬಿದ್ದ ಮೇಲೆ ಕೈ ತಾನಾಗಿ ಏಳದಿದ್ದರೆ ಎಕ್ಸ್-ರೇ ಸರಿಯಿದೆಯೆಂದು ಸುಮ್ಮನಿರದೆ ಒಂದೆರಡು ವಾರದೊಳಗೆ ಅಲ್ಟ್ರಾಸೌಂಡನ್ನೋ ಎಂಆರ್‌ಐಯನ್ನೋ ಕೇಳಿ ಮಾಡಿಸಿಕೊಳ್ಳಬೇಕು. ಹೀಗೆ ಪೆಟ್ಟಿನಿಂದ ಒಮ್ಮೆಲೇ ಹರಿದದ್ದನ್ನು ಹೊಲಿಯುವುದಿದ್ದರೆ ಮೊದಲ ಕೆಲವು ತಿಂಗಳಲ್ಲೇ ಹೊಲಿಯುವುದು ಒಳ್ಳೆಯದು. ತಡವಾದಷ್ಟೂ ಹರಿದ ತುದಿ ಹಿಂದಕ್ಕೆ ಸೆಳೆದುಕೊಳ್ಳುತ್ತದೆ, ಕೆಲಸವಿಲ್ಲದ ಸ್ನಾಯುವಿನಲ್ಲಿ ಕೊಬ್ಬು ತುಂಬುತ್ತದೆ, ಒಮ್ಮೆ ತುಂಬಿದ ಕೊಬ್ಬು ಹೊಲಿದ ಮೇಲೂ ಹೊರಟುಹೋಗುವುದಿಲ್ಲ.

ಹರಿದಿದೆ ಎಂದ ಮೇಲೆ ಹೊಲಿಯಲೇಬೇಕಲ್ಲ ಎಂದು ನಾನು ತೀರ್ಮಾನಿಸಿಯೇ ಕೇಳಿದೆ. ತಜ್ಞರು ಅಷ್ಟು ಸುಲಭಕ್ಕೆ ತಲೆಯಾಡಿಸಲಿಲ್ಲ. ಭುಜದಲ್ಲಿ ಯಾವ ತೊಂದರೆಯೂ ಇಲ್ಲದ 96 ಮಂದಿಗೆ ಎಂಆರ್‌ಐ ಮಾಡಿ ನೋಡಿದ, 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರರಲ್ಲೊಂದು ಪಾಲು ಜನರ ರಜ್ಜು ಸ್ವಲ್ಪವಾದರೂ ಹರಿದಿತ್ತು. ಅರವತ್ತು ದಾಟಿದವರಲ್ಲಿ ಅದು ನೂರಕ್ಕೆ 54. ಅಂದರೆ ನೋವೂ ಹರಕೂ ಒಂದಕ್ಕೊಂದು ಲೆಕ್ಕ ಒಪ್ಪಿಸುವುದಿಲ್ಲ. ಪೆಟ್ಟಿಲ್ಲದೆ ಸವೆದೇ ಪೂರ್ತಿ ಹರಿದ 452 ಮಂದಿಗೆ ಮೊದಲು ಫಿಸಿಯೋಥೆರಪಿ ಕೊಟ್ಟು ನೋಡಿದ, 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ನಾಲ್ಕರಲ್ಲೊಬ್ಬರಿಗಿಂತ ಕಡಿಮೆ. ಉಳಿದ ಮೂರು ಸ್ನಾಯುಗಳೂ ಬೆನ್ನಿನ ಹೆಗಲೆಲುಬನ್ನು ಹಿಡಿದ ಸ್ನಾಯುಗಳೂ ಹರಿದದ್ದರ ಪಾಲಿನ ಕೆಲಸವನ್ನು ಹಂಚಿಕೊಳ್ಳಲು ಕಲಿಯುತ್ತವೆ. ನನ್ನದು ಪೆಟ್ಟಿನ ಹರಕಾದ್ದರಿಂದ ಆ ಅಂಕಿ ನನಗೆ ಹಾಗೆಯೇ ಅನ್ವಯಿಸುವುದಿಲ್ಲವೆಂಬ ಎಚ್ಚರಿಕೆಯನ್ನೂ ಅವರೇ ಕೊಟ್ಟರು. ಆದರೆ ಬಿಗಿದ ಭುಜವನ್ನು ಹೊಲಿದರೆ ಇನ್ನಷ್ಟು ಬಿಗಿಯುತ್ತದೆ; ಹಾಗಾಗಿ ಹೇಗಿದ್ದರೂ ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ, ಆ ಮೇಲೆ ನೋಡೋಣವೆಂದರು.

ಬೆಂಗಳೂರಿನ ಬಂಧುಗಳೊಬ್ಬರು ಫೋನಿನಲ್ಲಿ ಬೇರೆಯೇ ಸಲಹೆ ಕೊಟ್ಟರು. ಸೂರಿನ ಎಲುಬನ್ನು ಕೆಳಗಿನಿಂದ ಕೆರೆದು ಜಾಗ ಮಾಡಿಸಿಕೊಂಡರೆ ರಜ್ಜು ಅದಕ್ಕೆ ಉಜ್ಜುವುದು ತಪ್ಪುತ್ತದೆ, ತಮಗೆ ಹತ್ತು ವರ್ಷದ ಹಿಂದೆ ಹಾಗೆಯೇ ಮಾಡಿದರು ಎಂದು. ಈ ವಿಚಾರವನ್ನು 1972ರಲ್ಲಿ ಬಲವಾಗಿ ಮುಂದಿಟ್ಟವರು ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಎಂಬ ಶಸ್ತ್ರವೈದ್ಯರು (ಹೆಸರು ಕನ್ನಡದ ಕಿವಿಗೆ ತಮಾಷೆಯಾಗಿ ಕೇಳಿದರೂ ಭುಜದ ವೈದ್ಯಕೀಯದಲ್ಲಿ ದೊಡ್ಡ ಹೆಸರು). ದಶಕಗಳ ಕಾಲ ಅದೇ ನಡೆಯಿತು. ಕೊನೆಗೆ ಬ್ರಿಟನ್ನಿನಲ್ಲಿ, ರಜ್ಜು ಪೂರ್ತಿ ಹರಿಯದೆ ಉಜ್ಜಾಟದ ನೋವಷ್ಟೇ ಇದ್ದ 313 ರೋಗಿಗಳಲ್ಲಿ ಕೆಲವರಿಗೆ ಎಲುಬು ಕೆರೆದು, ಕೆಲವರಿಗೆ ದುರ್ಬೀನು ತೂರಿಸಿ ನೋಡಿ ಹಾಗೆಯೇ ಹೊರತೆಗೆದು, ಇನ್ನು ಕೆಲವರಿಗೆ ಏನನ್ನೂ ಮಾಡದೆ ಹೋಲಿಸಿದರು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಫಲಿತಾಂಶದ ಪ್ರಕಾರ ಕೆರೆಸಿಕೊಂಡವರಿಗೂ ಸುಮ್ಮನೆ ನೋಡಿಸಿಕೊಂಡವರಿಗೂ ವ್ಯತ್ಯಾಸವೇ ಇರಲಿಲ್ಲ. ಏನನ್ನೂ ಮಾಡಿಸಿಕೊಳ್ಳದವರಿಗಿಂತ ಇವರು ಮೇಲಾಗಿದ್ದರೂ ಆ ಅಂತರ ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡದಾಗಿರಲಿಲ್ಲ. ಬಂಧುಗಳಿಗೆ ಇದನ್ನು ಹೇಳಲು ಹೋಗಲಿಲ್ಲ. ಅವರ ಭುಜ ಈಗ ಚೆನ್ನಾಗಿದೆ, ಅದಕ್ಕೆ ಅವರು ಕೊಡುವ ಕಾರಣ ಅವರಿಗಿರಲಿ.

ಮಗನ ವಾದ ಇನ್ನೂ ಬೇರೆ. 2017ರ ಆಸ್ಟ್ರೇಲಿಯಾ ಸರಣಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ಎಡಭುಜದ ಗಾಯವನ್ನಿಟ್ಟುಕೊಂಡೇ ಅರ್ಧಶತಕದ ಮೇಲೆ ಅರ್ಧಶತಕ ಹೊಡೆದರೆಂದೂ, ನಾನು ಒಂದು ಸಮೀಕರಣ ಬರೆಯಲು ಇಷ್ಟು ಗೋಳಾಡುತ್ತೇನೆಂದೂ ಅವನ ತಕರಾರು. ಆ ಸರಣಿ ಮುಗಿದೊಡನೆ ರಾಹುಲ್ ಶಸ್ತ್ರಚಿಕಿತ್ಸೆಗೆ ಹೋಗಿ ಆ ವರ್ಷದ ಐಪಿಎಲ್ಲನ್ನೇ ಕಳೆದುಕೊಂಡದ್ದನ್ನು ನಾನು ನೆನಪಿಸಿದೆ. ಇಪ್ಪತ್ತೈದರ ರಜ್ಜುವೂ ಐವತ್ತಾರರ ರಜ್ಜುವೂ ಒಂದೇ ಅಲ್ಲವೆಂಬುದನ್ನು ಅವನಿಗೆ ಕಾಲವೇ ಹೇಳಲಿ.

ಮೊದಲಿಗೆ ಕೀಲಿನೊಳಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರು. ನಾಲ್ಕೈದು ದಿನ ಸಕ್ಕರೆ ಏರಿ ಗಾಬರಿಯಾಯಿತು, ಆದರೆ ವಾರದೊಳಗೆ ರಾತ್ರಿಯ ನೋವು ತಗ್ಗಿತು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ರಜ್ಜುವೇ ದುರ್ಬಲವಾಗುತ್ತದೆಂದು, ಒಂದಕ್ಕೇ ನಿಲ್ಲಿಸಿದರು. ವ್ಯಾಯಾಮಗಳಲ್ಲಿ ಮೊದಲನೆಯದು ನೋಡಲು ವ್ಯಾಯಾಮದಂತೆಯೇ ಇರಲಿಲ್ಲ: ಎಡಗೈಯನ್ನು ಮೇಜಿಗೆ ಊರಿ, ಸೊಂಟ ಬಗ್ಗಿಸಿ, ಬಲಗೈಯನ್ನು ಗಡಿಯಾರದ ಲೋಲಕದಂತೆ ಜೋತುಬಿಟ್ಟು, ಮೈಯ ಓಲಾಟಕ್ಕೆ ಅದು ತಾನಾಗಿ ತೂಗುವಂತೆ ಬಿಡುವುದು. ಇದನ್ನು ರೂಢಿಗೆ ತಂದವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. ಹರಿದ ಸುಪ್ರಾಸ್ಪೈನೇಟಸ್ಸನ್ನು 1909ರಲ್ಲೇ ಹೊಲಿದು, 1911ರಲ್ಲಿ ಅದರ ಬಗ್ಗೆ ಬರೆದು, 1934ರಲ್ಲಿ ಇಡೀ ಭುಜದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದವರು ಅವರು. ‘ಫ್ರೋಜನ್ ಶೋಲ್ಡರ್’ ಎಂಬ ಹೆಸರೂ ಅವರದ್ದೇ. ಪ್ರತಿ ರೋಗಿಯನ್ನೂ ಚಿಕಿತ್ಸೆಯ ನಂತರ ಮತ್ತೆ ಕರೆಸಿ ನೋಡಿ, ಗುಣವಾಯಿತೋ ಇಲ್ಲವೋ, ಇಲ್ಲದಿದ್ದರೆ ಏಕಿಲ್ಲ ಎಂದು ಬರೆದಿಡಬೇಕೆಂದು ಹಟ ಹಿಡಿದು ಊರಿನ ವೈದ್ಯರನ್ನೆಲ್ಲ ಎದುರು ಹಾಕಿಕೊಂಡರೆಂಬುದನ್ನು ಓದಿದಾಗ, ನನ್ನ ‘ಉಳುಕಿ’ನ ಕಡತವನ್ನು ಮೂರು ವಾರದ ನಂತರ ಯಾರಾದರೂ ತೆರೆದು ನೋಡಿದ್ದರೆ ಎಂದು ಅನಿಸದಿರಲಿಲ್ಲ.

ಆ ಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವುದು. ದೇವರ ಕೋಣೆಯ ಪಕ್ಕದ ಗೋಡೆಯಲ್ಲಿ ಪೆನ್ಸಿಲಿನಿಂದ ದಿನಾಂಕ ಸಹಿತ ಗೆರೆ ಹಾಕುತ್ತ ಹೋದೆ. ಹದಿನೈದು ದಿನ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಗೋಡೆ ಹೊಲಸಾಯಿತೇ ಹೊರತು ಮೇಲೆ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಸ್ವಿಚ್ ಬೋರ್ಡ್ ದಾಟಿದವು. ಬಳಿಕ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ಹೊರಕ್ಕೆ ಎಳೆಯುವುದು. ಒತ್ತಿದ್ದು ತಪ್ಪದಂತೆ ಪಕ್ಕೆಗೂ ಮೊಣಕೈಗೂ ನಡುವೆ ಮಡಚಿದ ಟವೆಲು. ಫಿಸಿಯೋಥೆರಪಿಸ್ಟ್ ಹುಡುಗಿ ತೋಳಿಗಿಂತ ಹೆಚ್ಚಾಗಿ ನನ್ನ ಬೆನ್ನನ್ನು ನೋಡುತ್ತಿದ್ದಳು. ಕೈ ಪೂರ್ತಿ ಮೇಲೇಳುವ 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನದ್ದು, ಉಳಿದ 60 ಬೆನ್ನಿನ ಮೇಲೆ ಜಾರುವ ಹೆಗಲೆಲುಬಿನದ್ದು. ಗೂನುಬೆನ್ನಿನ ಮೇಷ್ಟ್ರಿಗೆ ಆ 60 ಸರಿಯಾಗಿ ದಕ್ಕುವುದಿಲ್ಲ ಎಂದು ಅವಳು ಹೇಳಿದಾಗ, ಜೀವನವಿಡೀ ಕೋನಗಳನ್ನು ಕಲಿಸಿದವನಿಗೆ ಸ್ವಲ್ಪ ನಾಚಿಕೆಯೇ ಆಯಿತು. “ಸರ್, ನೋವು ಹತ್ತರಲ್ಲಿ ಮೂರು ನಾಲ್ಕರವರೆಗೆ ಇರಲಿ, ಪರವಾಗಿಲ್ಲ. ಮರುದಿನ ಬೆಳಿಗ್ಗೆಯೂ ಉಳಿದರೆ ಮಾತ್ರ ಕಡಿಮೆ ಮಾಡಿ” ಎನ್ನುವುದು ಅವಳ ಸೂತ್ರ. ನೋವೆಂದರೆ ನಿಲ್ಲಿಸಬೇಕೆಂದುಕೊಂಡಿದ್ದ ನನಗೆ ಇದು ಎಲ್ಲ ಮಾತ್ರೆಗಳಿಗಿಂತ ಹೆಚ್ಚು ಉಪಯೋಗವಾಯಿತು.

ಸಂಕ್ರಾಂತಿ ಕಳೆದು ಮತ್ತೆ ತಜ್ಞರ ಬಳಿ ಹೋದಾಗ ಕೈ ಕಿವಿಯ ತನಕ ಏಳುತ್ತಿತ್ತು. ಹರಕು ಅಲ್ಲಿಯೇ ಇದೆ, ಅದು ತಾನಾಗಿ ಹೊಲಿದುಕೊಳ್ಳುವುದಿಲ್ಲ, ಕೆಲವರಲ್ಲಿ ನಿಧಾನವಾಗಿ ದೊಡ್ಡದಾಗುತ್ತದೆ ಎಂಬುದನ್ನು ಅವರು ಮುಚ್ಚಿಡದೆ ಹೇಳಿದರು. ಈಗಲೂ ಹೊಲಿಸಬಹುದು, ಹೊಲಿಸಿದರೆ ಸುಮಾರು ಆರು ವಾರ ಕೈ ಪಟ್ಟಿಯಲ್ಲಿ, ಪೂರ್ತಿ ಬಳಕೆಗೆ ಆರು ತಿಂಗಳೋ ಹೆಚ್ಚೋ, ಹೊಲಿದದ್ದು ಮತ್ತೆ ಬಿಚ್ಚುವ ಸಾಧ್ಯತೆಯೂ ಉಂಟು. ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇರುವ, ಸಕ್ಕರೆ ಕಾಯಿಲೆಯ, ಕಿವಿಯ ತನಕ ಕೈ ಏಳುವ ಮನುಷ್ಯನಾಗಿ ನಾನು ಸದ್ಯಕ್ಕೆ ಬೇಡವೆಂದೆ. ಮೂವತ್ತೈದರ ಕೂಲಿಕಾರ್ಮಿಕ ನಾನಾಗಿದ್ದರೆ, ಅಥವಾ ಬಿದ್ದ ತಿಂಗಳಲ್ಲೇ ವಿಷಯ ತಿಳಿದಿದ್ದರೆ, ಬಹುಶಃ ಹೊಲಿಸಿಯೇ ಬಿಡುತ್ತಿದ್ದೆ. ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಹರಕನ್ನು ಅಳೆಯುವುದೆಂದು ಒಪ್ಪಂದವಾಗಿದೆ.

ಕರಿಹಲಗೆಯ ಮೇಲೆ ಈಗ ಎದೆಯ ಮಟ್ಟದಿಂದ ಕೆಳಗೆ ಮಾತ್ರ ಬರೆಯುತ್ತೇನೆ. ಮೇಲಿನ ಅರ್ಧದಲ್ಲಿ ಬರೆಯುವುದಿದ್ದರೆ ಹಿಂದಿನ ಬೆಂಚಿನ ಉದ್ದನೆಯ ಹುಡುಗರನ್ನು ಕರೆಯುತ್ತೇನೆ, ಅದರಿಂದ ಅವರ ಲೆಕ್ಕವೂ ಸುಧಾರಿಸಿದೆ. ಅಂಗಿ ನೇರವಾಗಿ ಹಾಕಿಕೊಳ್ಳುತ್ತೇನೆ. ಬಲಮಗ್ಗುಲಿಗೆ ಮಲಗುವುದು ಇನ್ನೂ ಆಗಿಲ್ಲ. ಈ ವರ್ಷದ ಬೋರ್ಡೋವನ್ನು ತಂಗಿಯ ಮಗ ಹೊಡೆದ. ಅರ್ಧ ತಾಸಿಗೊಮ್ಮೆ ದೋಟಿ ಇಳಿಸಿ ಕೈ ಕೊಡವು ಎಂದು ನಾನು ಸಂಕದ ಈಚೆ ನಿಂತು ಕೂಗುತ್ತಿದ್ದೆ. ಸಂಕದ ದಬ್ಬೆಗಳ ಮೇಲೆ ಹಳೆಯ ಗೋಣಿಚೀಲ ಹಾಸಿ ಮೊಳೆ ಹೊಡೆದಿದ್ದೇವೆ.